ಒಂದೇ ಮನೆ, ಇಬ್ಬರು ಮಕ್ಕಳು, ಎರಡು ಬಗೆಯ ಆರೋಗ್ಯ: ಯಾಕೆ?

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗಳು ಹತ್ತನೇ ತರಗತಿ, ವಯಸ್ಸು ಹದಿನೈದು. ಮಗ ಎಂಟನೇ ತರಗತಿ, ವಯಸ್ಸು ಹದಿಮೂರು. ಒಂದೇ ಮನೆ, ಒಂದೇ ಅಡುಗೆ, ಒಂದೇ ಸರ್ಕಾರಿ ಪ್ರೌಢಶಾಲೆ. ಮಗ ಚೂಟಿಯಾಗಿದ್ದಾನೆ. ಮಗಳು ಮಾತ್ರ ಶಾಲೆಯಿಂದ ಬಂದವಳೇ ಮಲಗಿಬಿಡುತ್ತಾಳೆ. ಸಣ್ಣ ಮಾತಿಗೂ ಸಿಡುಕು. ಓದಲು ಕೂತರೆ ತಲೆನೋವು. ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 9.8 ಎಂದು ಬಂತು. ನಮ್ಮತ್ತೆಯವರು ಇದು ವಂಶದಲ್ಲೇ ಇದೆ ಅನ್ನುತ್ತಾರೆ. ನಮ್ಮ ಯಜಮಾನರು ಎಲ್ಲಾ ಫೋನಿನಿಂದ ಅನ್ನುತ್ತಾರೆ. ಪಕ್ಕದ ಮನೆಯವರು ವಯಸ್ಸು, ತಾನಾಗಿ ಸರಿಹೋಗುತ್ತೆ ಅನ್ನುತ್ತಾರೆ. ಹದಿಹರೆಯದ ಮಕ್ಕಳ ಆರೋಗ್ಯವನ್ನು ನಿಜವಾಗಿ ತೀರ್ಮಾನಿಸುವುದು ಯಾವುದು? ಒಂದು ಒಳ್ಳೆಯ ಟಾನಿಕ್ ಕೊಡಿಸಿದರೆ ಸಾಕೇ?
(ಓದುಗರೊಬ್ಬರು, ಹಾಸನ ಜಿಲ್ಲೆ)

ಉತ್ತರ: ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಎರಡಿವೆ. ನಿಮ್ಮ ಮಗಳಿಗೆ ಏನಾಗಿದೆ ಎನ್ನುವುದು ಒಂದು. ಒಂದೇ ಸೂರಿನಡಿ ಬೆಳೆದ ಇಬ್ಬರು ಮಕ್ಕಳು ಇಷ್ಟು ಬೇರೆ ಬೇರೆಯಾಗಿ ಇರುವುದು ಹೇಗೆ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ಅರ್ಧ ಬಿಡಿಸಿದಂತೆಯೇ, ಆದ್ದರಿಂದ ಅಲ್ಲಿಂದಲೇ ಹೊರಡೋಣ. ಗೊಂದಲವಾಗಿದ್ದರೆ ಅದು ಸಹಜ. ಅತ್ತೆಯವರು, ಯಜಮಾನರು, ಪಕ್ಕದ ಮನೆಯವರು ಮೂವರೂ ಒಂದೊಂದು ಚೂರು ಸರಿಯಾದ್ದನ್ನೇ ಹೇಳುತ್ತಿದ್ದಾರೆ. ಆ ಚೂರನ್ನೇ ಇಡೀ ಕಾರಣವೆಂದು ತಿಳಿಯುವುದರಲ್ಲಿ ತೊಡಕಿದೆ.

ಮೊದಲು ವಂಶದ ಮಾತು. ತಂದೆತಾಯಿಯಿಂದ ಮಕ್ಕಳಿಗೆ ಬರುವ ಗುಣಗಳಲ್ಲಿ ಎತ್ತರ ಎದ್ದು ಕಾಣುವಂಥದ್ದು. ಎತ್ತರದವರ ಮಕ್ಕಳು ಸಾಮಾನ್ಯವಾಗಿ ಎತ್ತರ, ಅದರಲ್ಲಿ ಅನುಮಾನವಿಲ್ಲ. ಹಾಗಿದ್ದೂ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನ ಇನ್ನೂರು ದೇಶಗಳ ಜನರ ಎತ್ತರ ನೂರು ವರ್ಷಗಳಲ್ಲಿ ಎಷ್ಟು ಬದಲಾಯಿತು ಎಂದು ಲೆಕ್ಕ ಹಾಕಿದಾಗ, ದಕ್ಷಿಣ ಕೊರಿಯಾದ ಹೆಂಗಸರು ಸರಾಸರಿ 20 ಸೆಂಟಿಮೀಟರಿನಷ್ಟು ಎತ್ತರ ಹೆಚ್ಚಿಸಿಕೊಂಡದ್ದು ಕಂಡುಬಂತು. ನೂರು ವರ್ಷವೆಂದರೆ ನಾಲ್ಕು ತಲೆಮಾರು. ಅಷ್ಟರಲ್ಲಿ ಒಂದು ಜನಾಂಗದ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ಊಟ, ಕುಡಿಯುವ ನೀರು, ರೋಗಗಳ ಹಾವಳಿ, ಬದುಕುವ ರೀತಿ. ವಂಶ ಒಂದು ಮಿತಿಯನ್ನು ಗೆರೆ ಎಳೆದು ಕೊಡುತ್ತದೆ, ಮಗು ಆ ಗೆರೆಯ ತನಕ ಮುಟ್ಟುತ್ತದೋ ಇಲ್ಲವೋ ಎನ್ನುವುದು ಬೆಳೆಯುವ ವರ್ಷಗಳಲ್ಲಿ ಸಿಕ್ಕಿದ್ದರ ಮೇಲೆ ನಿಂತಿದೆ.

ಈಗ ನಿಮ್ಮ ಪತ್ರದಲ್ಲಿ ನೀವು ಸಲೀಸಾಗಿ ಬರೆದಿರುವ ಒಂದು ಮಾತಿಗೆ ಬರುತ್ತೇನೆ: 'ಒಂದೇ ಮನೆ, ಒಂದೇ ಅಡುಗೆ, ಒಂದೇ ಶಾಲೆ.' ಬಹಳ ಜನ ಇಲ್ಲೇ ಎಡವುತ್ತಾರೆ. ಎಲ್ಲವೂ ಒಂದೇ ಆದಮೇಲೆ ವ್ಯತ್ಯಾಸ ಮೈಯೊಳಗಿಂದಲೇ ಬಂದಿರಬೇಕು ಎಂದು ಅನ್ನಿಸುವುದು ಸಹಜ. ಒಂದು ಅಂಕಿ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31.1. ಹುಡುಗರಿಗೆ ಇಟ್ಟಿರುವ ಹಿಮೋಗ್ಲೋಬಿನ್ ಗಡಿ 13 ಗ್ರಾಂ, ಹುಡುಗಿಯರಿಗೆ 12. ಅಂದರೆ ಹುಡುಗರಿಗೆ ಪರೀಕ್ಷೆ ಕೊಂಚ ಬಿಗಿಯೇ. ಆದರೂ ಹುಡುಗಿಯರ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟು. ಈ ಹುಡುಗಿಯರೂ ಹುಡುಗರೂ ಬೇರೆ ಬೇರೆ ಕೇರಿಗಳಲ್ಲಿ ಬೆಳೆದವರಲ್ಲ. ಅನೇಕರು ನಿಮ್ಮ ಮಕ್ಕಳ ಹಾಗೆ ಅಕ್ಕ-ತಮ್ಮ, ಅಣ್ಣ-ತಂಗಿಯಾಗಿ ಒಂದೇ ಒಲೆಯ ಅನ್ನ ಉಂಡವರು. ವಿಳಾಸ ಒಂದೇ ಆದರೂ ಇಬ್ಬರ ದಿನಚರಿ, ಇಬ್ಬರ ಮೈ ಕೇಳುವುದು, ಇಬ್ಬರಿಗೂ ಸಿಗುವುದು ಬೇರೆ ಬೇರೆ.

ಮೈ ಕೇಳುವುದರಿಂದ ಶುರುಮಾಡೋಣ. ಹತ್ತರಿಂದ ಹತ್ತೊಂಬತ್ತು ವರ್ಷದವರೆಗಿನ ಕಾಲವನ್ನು ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯ ಎಂದು ಗುರುತಿಸುತ್ತದೆ. ದೊಡ್ಡವರಾದ ಮೇಲೆ ನಮಗಿರುವ ತೂಕದ ಸುಮಾರು ಅರ್ಧದಷ್ಟು, ಎತ್ತರದ ಶೇ. 15ರಿಂದ 20ರಷ್ಟು ಈ ವರ್ಷಗಳಲ್ಲಿ ಬರುತ್ತದೆ. ಮೈ ಬೆಳೆದ ಹಾಗೆ ರಕ್ತದ ಪ್ರಮಾಣವೂ ಬೆಳೆಯಬೇಕು, ರಕ್ತ ಬೆಳೆಯಲು ಕಬ್ಬಿಣದ ಅಂಶ ಬೇಕು. ಇದು ಹುಡುಗ, ಹುಡುಗಿ ಇಬ್ಬರಿಗೂ ಸಮಾನ. ಹುಡುಗಿಗೆ ಇದರ ಮೇಲೆ ಮುಟ್ಟು ಶುರುವಾಗುತ್ತದೆ. ಒಂದು ತಿಂಗಳ ಸ್ರಾವದಲ್ಲಿ ಸರಾಸರಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ, ಅದರೊಂದಿಗೆ 15 ಮಿಲಿಗ್ರಾಂ ಆಸುಪಾಸು ಕಬ್ಬಿಣ. ಇಷ್ಟೇನಾ ಅನ್ನಿಸಬಹುದು. ನಮ್ಮ ಮುದ್ದೆ, ಅನ್ನ, ಬೇಳೆಯ ಊಟದಲ್ಲಿರುವ ಕಬ್ಬಿಣದಲ್ಲಿ ನೂರಕ್ಕೆ ಎಂಟು ಪಾಲಿನಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಹಾಗೇ ಹೊರಗೆ ಹೋಗುತ್ತದೆ. ಆ ಲೆಕ್ಕದಲ್ಲಿ ಹೋದ 15 ಮಿಲಿಗ್ರಾಂ ವಾಪಸು ಬರಬೇಕಾದರೆ ತಿಂಗಳಿಗೆ ಸುಮಾರು 200 ಮಿಲಿಗ್ರಾಂ ಹೆಚ್ಚುವರಿಯಾಗಿ ತಿನ್ನಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೊರತಂದ ಶಿಫಾರಸಿನಲ್ಲಿ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣ, ಅದೇ ವಯಸ್ಸಿನ ಹುಡುಗಿಗೆ 30 ಮಿಲಿಗ್ರಾಂ ಎಂದಿರುವುದರ ಹಿಂದೆ ಮುಖ್ಯವಾಗಿ ಇರುವುದು ಈ ಲೆಕ್ಕವೇ. ಹಾಗಾಗಿ ಇಬ್ಬರಿಗೂ ಒಂದೇ ಅಳತೆಯಲ್ಲಿ ಬಡಿಸಿದರೂ ಮಗಳಿಗೆ ಕಡಿಮೆ ಬೀಳುತ್ತದೆ.

ನಿಜವಾಗಿ ಒಂದೇ ಅಳತೆಯಲ್ಲಿ ಬಡಿಸುತ್ತೇವೆಯೇ? ಇದನ್ನು ನಿಮ್ಮ ಮನೆಯ ಮೇಲಿನ ದೂರು ಎಂದು ತಿಳಿಯಬೇಡಿ, ಒಂದು ವಾರ ಸುಮ್ಮನೆ ಗಮನಿಸಿ ನೋಡಿ. ಮೊದಲ ಪಂಕ್ತಿಯಲ್ಲಿ ಕೂರುವವರು ಯಾರು, ಅಮ್ಮನ ಜೊತೆ ಕೊನೆಗೆ ಕೂರುವವರು ಯಾರು? ಸಾರಿನ ತಳದ ಕಾಳು, ಪಲ್ಯದ ಎರಡನೇ ಸೌಟು, ಮೊಟ್ಟೆ ಯಾರ ತಟ್ಟೆಗೆ ಹೋಗುತ್ತದೆ? ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತೆಂದು ತಿಂಡಿ ಬಿಟ್ಟು ಓಡುವವರು ಯಾರು? ಮುಟ್ಟಾದ ಮೂರು ದಿನ ಇದು ತಿನ್ನಬಾರದು, ಅದು ನಂಜು ಎಂದು ಬಿಡಿಸುವ ಪಥ್ಯ ಇನ್ನೂ ಅನೇಕ ಮನೆಗಳಲ್ಲಿದೆ. ರಕ್ತ ಹೋಗುತ್ತಿರುವ ದಿನಗಳಲ್ಲೇ ಊಟ ಕಡಿಮೆ ಮಾಡುವುದು ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ತಲೆಕೆಳಗಾದ ಭಾಗ. ಎಲ್ಲಕ್ಕಿಂತ ಹೆಚ್ಚಾಗಿ, ಹದಿನೈದರ ಹುಡುಗಿ ತಾನೇ 'ನಂಗೆ ಬೇಡ, ಅವನಿಗೆ ಹಾಕಿ' ಎನ್ನುತ್ತಾಳೆ. ಹಾಗನ್ನುವುದನ್ನು ಅವಳು ಕಲಿತದ್ದು ಅಮ್ಮನನ್ನು ನೋಡಿ.

ಇನ್ನು ತಟ್ಟೆಯಲ್ಲಿ ಏನಿದೆ ಎನ್ನುವ ಮಾತು. ಬೀಟ್‌ರೂಟ್ ತಿಂದರೆ ರಕ್ತ ಬರುತ್ತದೆ ಎಂಬ ನಂಬಿಕೆ ಅದರ ಬಣ್ಣದಿಂದ ಹುಟ್ಟಿದ್ದಷ್ಟೆ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಇರುವ ಕಬ್ಬಿಣ ಒಂದು ಮಿಲಿಗ್ರಾಂಗಿಂತ ಕಡಿಮೆ. ನಮ್ಮ ಕಡೆ ಸುಲಭವಾಗಿ ಸಿಗುವ ಹುರುಳಿಕಾಳು, ಕಡಲೆ, ಎಳ್ಳು, ನುಗ್ಗೆಸೊಪ್ಪು ಇವುಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ಮಾಂಸಾಹಾರಿಗಳಾದರೆ ಮಾಂಸ, ಮೀನು, ಅದರಲ್ಲೂ ಈಲಿ. ಅವುಗಳಲ್ಲಿರುವ ಕಬ್ಬಿಣ ಮೈಗೆ ಹತ್ತುವುದೂ ಸಲೀಸು. ರಾಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಹಾಸನದವರಿಗೆ ಬೇಸರವಾಗದಿರಲಿ. ರಾಗಿ ಒಳ್ಳೆಯ ಧಾನ್ಯ, ಮೂಳೆಗೆ ಬೇಕಾದ ಸುಣ್ಣದ ಅಂಶದಲ್ಲಿ ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದರಲ್ಲಿರುವ ಫೈಟೇಟ್, ಟ್ಯಾನಿನ್ ಎಂಬ ವಸ್ತುಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಬಿಡುವುದಿಲ್ಲ. ಮೊಳಕೆ ಕಟ್ಟಿದರೆ, ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಊಟದ ಜೊತೆ ನಿಂಬೆಹುಳಿ, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಅವುಗಳ ಸಿ ಜೀವಸತ್ವ ಕಬ್ಬಿಣವನ್ನು ಒಳಗೆ ಸೇರಿಸಲು ನೆರವಾಗುತ್ತದೆ. ಇದಕ್ಕೆ ತದ್ವಿರುದ್ಧ ಊಟವಾದ ಕೂಡಲೇ ಕುಡಿಯುವ ಟೀ, ಕಾಫಿ. ಸೊಪ್ಪು-ಕಾಳಿನ ಊಟದ ಜೊತೆ ಟೀ ಕುಡಿದರೆ ರಕ್ತಕ್ಕೆ ಸೇರುವ ಕಬ್ಬಿಣ ಅರ್ಧಕ್ಕಿಂತಲೂ ಕಡಿಮೆಯಾಗಬಲ್ಲದು. ಟೀ ಬಿಡಿ ಎನ್ನುತ್ತಿಲ್ಲ, ಊಟಕ್ಕೂ ಟೀಗೂ ನಡುವೆ ಒಂದೆರಡು ಗಂಟೆ ಬಿಡುವು ಕೊಡಿ.

ರಕ್ತ ಕಳೆಯುವ ಇನ್ನೊಂದು ದಾರಿಯೂ ಇದೆ. ಮಗಳು ಬರಿಗಾಲಲ್ಲಿ ತೋಟಕ್ಕೆ ಹೋಗುತ್ತಾಳೆಯೇ? ಕೊಕ್ಕೆಹುಳುವಿನ ಮರಿಗಳು ಒದ್ದೆ ಮಣ್ಣಿನಿಂದ ಅಂಗಾಲಿನ ಚರ್ಮ ತೂರಿ ಒಳಗೆ ಹೋಗುತ್ತವೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಶಾಲೆಯಲ್ಲಿ ಫೆಬ್ರವರಿ 10ರಂದು ಮತ್ತು ಆಗಸ್ಟ್ 10ರಂದು ಜಂತುಹುಳುವಿನ ಮಾತ್ರೆ ಕೊಡುವುದು ಇದಕ್ಕೇ. ಆ ದಿನ ಶಾಲೆ ತಪ್ಪಿಸಿಕೊಂಡಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಬಹುದು.

ಇಲ್ಲಿವರೆಗೆ ರಕ್ತದ ವಿಚಾರವಾಯಿತು. ಆದರೆ ನೀವು ಬರೆದಿರುವ ತಲೆನೋವು, ಸುಸ್ತು, ಸಿಡುಕು ಇವೆಲ್ಲ ರಕ್ತ ಒಂದರಿಂದಲೇ ಎಂದು ನಾನು ಹೇಳಲಾರೆ. ಅವಳ ಶಾಲೆಯ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವಳು ತೆಗೆದುಕೊಂಡು ಹೋಗುವ ನೀರಿನ ಬಾಟಲಿ ಸಂಜೆ ಹೇಗೆ ವಾಪಸು ಬರುತ್ತದೆ? ತುಂಬಿದ್ದು ತುಂಬಿದಂತೆಯೇ ಬರುತ್ತಿದ್ದರೆ ಕೇಳಿ ನೋಡಿ. ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಒಳಗೆ ನೀರಿಲ್ಲ, ಅಥವಾ ಹೋಗುವ ದಾರಿಯಲ್ಲಿ ಹುಡುಗರು ನಿಂತಿರುತ್ತಾರೆ ಎಂದು ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯದ ಹುಡುಗಿಯರು ಬಹಳ. ನೀರು ಸಾಲದೆ ತಲೆನೋವು, ಮಲಬದ್ಧತೆ, ಉರಿಮೂತ್ರ ಎಲ್ಲವೂ ಬರುತ್ತವೆ. 2019ರಲ್ಲಿ ಕೇರಳದ ಶಾಲೆಗಳು ಮಕ್ಕಳು ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ತಂದಾಗ ಅದು ದೊಡ್ಡ ಸುದ್ದಿಯಾಯಿತು, ನಮ್ಮ ರಾಜ್ಯವೂ ಅದನ್ನು ಅನುಸರಿಸಿತು. ಗಂಟೆ ಬಾರಿಸಿದರೆ ಹುಡುಗರು ಕುಡಿಯುತ್ತಾರೆ. ಹುಡುಗಿಯರು ಕುಡಿಯಬೇಕಾದರೆ ಚಿಲಕವೂ ಬೇಕು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಬ್ಬ ಪೋಷಕರು ಎದ್ದು ಈ ಚಿಲಕದ ಮಾತು ಎತ್ತಿದರೆ ಅದೂ ಆರೋಗ್ಯದ ಕೆಲಸವೇ.

ಬಿಸಿಯೂಟ, ಬೆಳಗಿನ ಹಾಲು, ಮೊಟ್ಟೆ ಇವನ್ನೂ ಕೇಳಿಕೊಳ್ಳಿ. ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ 2013ರಲ್ಲಿ ಶುರುವಾಯಿತು. 2024ರಿಂದ ಹತ್ತನೇ ತರಗತಿವರೆಗೆ ವಾರದ ಆರು ದಿನವೂ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಆಗಿದೆ. ಇದು ಬಹಳ ಒಳ್ಳೆಯ ಏರ್ಪಾಡು. ಆದರೆ ಪ್ರೌಢಶಾಲೆಯ ಹುಡುಗಿಯರಲ್ಲಿ ಬಿಸಿಯೂಟಕ್ಕೆ ತಟ್ಟೆ ಹಿಡಿದು ನಿಲ್ಲಲು ಸಂಕೋಚಪಡುವವರಿದ್ದಾರೆ. ಯೋಜನೆ ಇದ್ದ ಮಾತ್ರಕ್ಕೆ ಅದು ನಿಮ್ಮ ಮಗಳ ಹೊಟ್ಟೆಗೆ ಸೇರಿದೆ ಎಂದಲ್ಲ.

ಆಟದ ಮಾತು ಚಿಕ್ಕದು. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆ 146 ದೇಶಗಳ ಲೆಕ್ಕ ತೆಗೆದಾಗ 11ರಿಂದ 17 ವರ್ಷದ ಹುಡುಗರಲ್ಲಿ ಶೇ. 78, ಹುಡುಗಿಯರಲ್ಲಿ ಶೇ. 85 ಮಂದಿ ಅಷ್ಟನ್ನು ಮುಟ್ಟುತ್ತಿರಲಿಲ್ಲ. ನಿಮ್ಮ ಮಗ ಸಂಜೆ ಬಯಲಿಗೆ ಹೋಗುತ್ತಾನೆ ಎಂದುಕೊಳ್ಳುತ್ತೇನೆ. ಮಗಳು ಕೊನೆಯ ಸಲ ಓಡಿದ್ದು ಯಾವಾಗ? ದೊಡ್ಡವಳಾದ ಮೇಲೆ ಕೊಕ್ಕೋ ಬಿಟ್ಟ ಹುಡುಗಿಯರನ್ನು ಲೆಕ್ಕ ಇಡಲು ಆಗದು.

ಯಜಮಾನರ ಫೋನಿನ ವಾದಕ್ಕೆ ಬರುತ್ತೇನೆ. ಎಲ್ಲದಕ್ಕೂ ಫೋನಿನ ಮೇಲೆ ಗೂಬೆ ಕೂರಿಸುವುದು ಸುಲಭ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಫೋನಿನಿಂದ ಆಗುವ ಖಚಿತವಾದ ನಷ್ಟ ನಿದ್ದೆಯದು, ನಿದ್ದೆಯ ವಿಷಯದಲ್ಲಿ ಪ್ರಕೃತಿಯದೂ ಒಂದು ಪಾಲಿದೆ. ರಾತ್ರಿ ನಿದ್ದೆ ತರಿಸುವ ಮೆಲಟೋನಿನ್ ಎಂಬ ರಸ ಹದಿಹರೆಯದವರಲ್ಲಿ ಚಿಕ್ಕ ಮಕ್ಕಳಿಗಿಂತ ತಡವಾಗಿ ಸುರಿಯತೊಡಗುತ್ತದೆ. ಹಾಗಾಗಿ ಒಂಬತ್ತಕ್ಕೆ ಮಲಗು ಎಂದರೆ ನಿದ್ದೆ ಬಾರದೆ ಹೊರಳುವುದು ಅವರ ಹಟವಲ್ಲ. ತಡವಾಗಿ ಮಲಗಿದವರು ತಡವಾಗಿ ಎದ್ದರೆ ಸರಿಹೋಗುತ್ತಿತ್ತು. ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಅದು ಸಾಧ್ಯವೇ? ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಟ್ಯೂಷನ್, ನಡುವೆ ಹುಡುಗಿಯಾದರೆ ನೀರು ತುಂಬುವುದು, ಪಾತ್ರೆ, ಅಡುಗೆಮನೆಯ ಕೈಗೆಲಸ. 13ರಿಂದ 18 ವರ್ಷದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎನ್ನುವುದು ತಜ್ಞರ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿತೆಂದರೆ, ಪ್ರೌಢಶಾಲೆಗಳು ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದು ಎಂದು 2019ರಲ್ಲಿ ಕಾನೂನನ್ನೇ ಮಾಡಿತು. 2022ರಿಂದ ಅದು ಜಾರಿಯಲ್ಲಿದೆ. ನಮ್ಮಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಓದುವವರೇ ಜಾಣರು ಎಂಬ ನಂಬಿಕೆ ಗಟ್ಟಿಯಾಗಿದೆ. ಒಂಬತ್ತಕ್ಕೇ ನಿದ್ದೆ ಬಂದಿದ್ದರೆ ಐದಕ್ಕೆ ಏಳಬಹುದು, ಹನ್ನೆರಡಕ್ಕೆ ಮಲಗಿದವಳನ್ನು ಐದಕ್ಕೆ ಎಬ್ಬಿಸಿದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಸಿಡುಕು ಮಾತ್ರ ನಿಲ್ಲುತ್ತದೆ. ಫೋನು ರಾತ್ರಿ ಹೊತ್ತು ಹಾಸಿಗೆಯಿಂದ ದೂರ ಇರಲಿ. ಅದು ಮನೆಯ ಎಲ್ಲರಿಗೂ ಅನ್ವಯಿಸಲಿ, ಯಜಮಾನರಿಗೂ.

ಪಕ್ಕದ ಮನೆಯವರ 'ವಯಸ್ಸು, ಸರಿಹೋಗುತ್ತೆ' ಎನ್ನುವ ಮಾತು ಮೂರರಲ್ಲಿ ನನಗೆ ಹೆಚ್ಚು ಚಿಂತೆ ತರುವಂಥದ್ದು. ಈ ವಯಸ್ಸಿನಲ್ಲಿ ಮನಸ್ಸು ಏರಿಳಿಯುತ್ತದೆ, ನಿಜ. ಭಾವನೆಗಳ ಬಿರುಸು ಮೊದಲು ಬರುತ್ತದೆ, ಅದನ್ನು ಹಿಡಿತದಲ್ಲಿಡುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಆದರೆ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಚಿಕಿತ್ಸೆ ಅಗತ್ಯವಿರುವ ಮಾನಸಿಕ ತೊಂದರೆ ಕಂಡುಬಂತು. ನಲವತ್ತು ಮಕ್ಕಳ ತರಗತಿಯಲ್ಲಿ ಮೂವರಿಗೆ ಎಂದಾಯಿತು. ಇಂದು ಸಿಡುಕಿ ನಾಳೆ ನಕ್ಕರೆ ಅದು ವಯಸ್ಸು. ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಇಷ್ಟದ ಗೆಳತಿಯರನ್ನೂ ಬೇಡವೆಂದರೆ, ಊಟ-ನಿದ್ದೆ ಕೆಟ್ಟರೆ, ಬದುಕಿ ಏನು ಪ್ರಯೋಜನ ಎಂಬ ಧಾಟಿಯ ಮಾತು ಒಮ್ಮೆ ಬಂದರೂ ಕಾಯಬಾರದು. 14416 ಎಂಬ ಟೆಲಿ ಮಾನಸ್ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಅಂದಹಾಗೆ, ಮಗ ಚೂಟಿಯಾಗಿದ್ದಾನೆ ಎಂದಿರಿ. ಸಂತೋಷ. ಆದರೆ ಹುಡುಗರ ಆರೋಗ್ಯಕ್ಕೆ ಬರುವ ಕುತ್ತುಗಳೆಲ್ಲ ರಕ್ತಪರೀಕ್ಷೆಯಲ್ಲಿ ಕಾಣುವಂಥವಲ್ಲ. ಹದಿಹರೆಯದ ಹುಡುಗರ ಸಾವಿಗೆ ಲೋಕದಾದ್ಯಂತ ಮುಂಚೂಣಿಯ ಕಾರಣಗಳಲ್ಲೊಂದು ರಸ್ತೆ ಅಪಘಾತ. ಇನ್ನೆರಡು ವರ್ಷಕ್ಕೆ ಅವನು ಅಪ್ಪನ ಬೈಕಿನ ಕೀಲಿ ಕೇಳುತ್ತಾನೆ, ಹಾಲಿನ ಡೈರಿಗೆ ತಾನೇ ಹೋಗಿಬರುತ್ತೇನೆ ಎನ್ನುತ್ತಾನೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅಪ್ರಾಪ್ತರಿಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ದಂಡಕ್ಕಿಂತ ದೊಡ್ಡ ಕಾರಣ ನಿಮಗೇ ಗೊತ್ತು. ಗುಟ್ಕಾ, ಬೀಡಿಯ ಮೊದಲ ರುಚಿಯೂ ಹೆಚ್ಚಾಗಿ ಈ ವರ್ಷಗಳಲ್ಲಿ, ಗೆಳೆಯರ ಗುಂಪಿನಲ್ಲೇ.

ಇಷ್ಟು ಹೇಳಿದ ಮೇಲೆ ಒಂದು ಸಂಗತಿಯನ್ನು ಬಿಡುವಂತಿಲ್ಲ. ಮಗಳು ಹತ್ತನೇ ತರಗತಿ ಎಂದಿರಿ, ಮುಂದೇನು? ಪಿಯು ಕಾಲೇಜು ಎಷ್ಟು ದೂರವಿದೆ? ನಿಮ್ಮ ಪ್ರಶ್ನೆಗೆ ಇದು ಸಂಬಂಧವಿಲ್ಲದ ಮಾತು ಎನ್ನಿಸಬಹುದು. ಹುಡುಗಿಯ ಮುಂದಿನ ಹತ್ತು ವರ್ಷದ ಆರೋಗ್ಯವನ್ನು ಬಹುಶಃ ಬೇರೆ ಯಾವುದಕ್ಕಿಂತಲೂ ಹೆಚ್ಚಾಗಿ ತೀರ್ಮಾನಿಸುವುದು ಅವಳು ಓದು ಮುಂದುವರಿಸುತ್ತಾಳೋ ಇಲ್ಲವೋ ಎನ್ನುವುದು. ಓದು ನಿಂತಲ್ಲಿ ಮದುವೆಯ ಮಾತು ಶುರುವಾಗುತ್ತದೆ, ತಾನಿನ್ನೂ ಬೆಳೆಯುತ್ತಿರುವ ಮೈ ಬಸಿರನ್ನೂ ಹೊರಬೇಕಾಗುತ್ತದೆ. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21.3 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಐವರಲ್ಲಿ ಒಬ್ಬಳು. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಮೂರನೇ ಒಂದು ಪಾಲಿನಷ್ಟು ಏರಿತು, ಅದರಲ್ಲೂ ಶಾಲೆ ದೂರವಿದ್ದ ಹಳ್ಳಿಗಳಲ್ಲಿ. ನಮ್ಮ ರಾಜ್ಯದಲ್ಲೂ ಎಂಟನೇ ತರಗತಿಯ ಮಕ್ಕಳಿಗೆ ಅದೇ ಹೊತ್ತಿಗೆ ಸೈಕಲ್ ವಿತರಣೆ ಆರಂಭವಾಗಿತ್ತು. ಸೈಕಲ್ ಆಸ್ಪತ್ರೆಯ ಸಾಮಾನಲ್ಲ, ಹುಡುಗಿಯರಿಗೆ ಅದು ಮಾಡಿದ ಉಪಕಾರ ಎಷ್ಟೋ ಟಾನಿಕ್ಕುಗಳಿಗಿಂತ ದೊಡ್ಡದು.

ಈಗ ನೀವು ಮಾಡಬೇಕಾದದ್ದು. ಮೊದಲು ಮಗಳನ್ನೇ ಕೇಳಿ. ಯುರೋಪಿನಲ್ಲಿ 1980ರ ದಶಕದಿಂದ ನಡೆದುಬಂದಿರುವ ಒಂದು ಶಾಲಾ ಮಕ್ಕಳ ಸಮೀಕ್ಷೆಯಲ್ಲಿ 11, 13, 15 ವರ್ಷದವರ ಮುಂದೆ ಒಂದು ಏಣಿಯ ಚಿತ್ರ ಇಡುತ್ತಾರೆ. ಮೇಲಿನ ಮೆಟ್ಟಿಲು ಹತ್ತು, ಕೆಳಗಿನದು ಸೊನ್ನೆ. ನಿನ್ನ ಬದುಕು ಈಗ ಯಾವ ಮೆಟ್ಟಿಲಲ್ಲಿದೆ ಎಂದು ಕೇಳುತ್ತಾರೆ. ಉತ್ತರ ಹೇಳಬೇಕಾದ್ದು ಮಗುವೇ, ಅಪ್ಪ ಅಮ್ಮ ಅಲ್ಲ, ಡಾಕ್ಟರೂ ಅಲ್ಲ. ವಯಸ್ಸು ಏರಿದ ಹಾಗೆ ಹುಡುಗಿಯರ ಮೆಟ್ಟಿಲು ಕೆಳಗಿಳಿಯುವುದು ಅಲ್ಲೂ ಸಾಮಾನ್ಯವಾಗಿ ಕಂಡುಬರುತ್ತದೆ. ನೀವೂ ಹಾಗೆ ಕೇಳಿ ನೋಡಬಹುದು, ಪಾತ್ರೆ ತೊಳೆಯುತ್ತಲೋ ಬಟ್ಟೆ ಮಡಚುತ್ತಲೋ, ಎದುರು ಕೂರಿಸಿಕೊಂಡು ವಿಚಾರಣೆ ಮಾಡುವಂತೆ ಬೇಡ. ಆರು ಎಂದರೆ ಏಳಾಗಲು ಏನು ಬೇಕು ಎಂದು ಕೇಳಿ. ಬಾಗಿಲಿನ ಚಿಲಕ ಎನ್ನಬಹುದು, ಅರ್ಧ ಗಂಟೆ ಹೆಚ್ಚು ನಿದ್ದೆ ಎನ್ನಬಹುದು, ನೀವು ಊಹಿಸಿರದ ಇನ್ನೇನನ್ನೋ ಹೇಳಬಹುದು.

ಜೊತೆಗೇ 9.8ಕ್ಕೆ ಚಿಕಿತ್ಸೆ. ಹದಿನೈದರ ಹುಡುಗಿಗೆ 12 ಇರಬೇಕು. 8ರಿಂದ 10.9ರವರೆಗಿನದನ್ನು ಮಧ್ಯಮ ರಕ್ತಹೀನತೆ ಎನ್ನುತ್ತಾರೆ. ಇದು ಗಾಬರಿಪಡುವಂಥದ್ದಲ್ಲ, ಬಿಟ್ಟುಬಿಡುವಂಥದ್ದೂ ಅಲ್ಲ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದು ಸಿಗುತ್ತಿದೆ, ಮತ್ತೇನು ಬೇಕು ಎಂದು ಕೆಲವರು ಸುಮ್ಮನಾಗುತ್ತಾರೆ. 60 ಮಿಲಿಗ್ರಾಂ ಕಬ್ಬಿಣದ ಆ ವಾರದ ಮಾತ್ರೆ ರಕ್ತ ಇಳಿಯದಂತೆ ತಡೆಯಲು. ಈಗಾಗಲೇ ಇಳಿದದ್ದನ್ನು ಏರಿಸಲು ಅದು ಸಾಲದು, ವೈದ್ಯರು ಹೇಳಿದ ಅಳತೆಯಲ್ಲಿ ದಿನವೂ, ಸಾಮಾನ್ಯವಾಗಿ ಮೂರು ತಿಂಗಳು ನುಂಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ. ಮುಟ್ಟಿನ ವಿಷಯ, ಮನಸ್ಸಿನ ವಿಷಯ ಅಲ್ಲಿನ ಆಪ್ತಸಮಾಲೋಚಕರ ಹತ್ತಿರ ಮಗಳು ಒಬ್ಬಳೇ ಮಾತಾಡಬಹುದು, ನೀವು ಹೊರಗೆ ಕೂತಿರಿ. ಮುಟ್ಟಿನಲ್ಲಿ ಏಳು ದಿನಕ್ಕೂ ಹೆಚ್ಚು ರಕ್ತ ಹೋಗುತ್ತಿದ್ದರೆ, ಗಂಟೆಗೊಮ್ಮೆ ಪ್ಯಾಡ್ ಬದಲಿಸುವಂತಿದ್ದರೆ ಅದನ್ನು ತಪ್ಪದೆ ಹೇಳಬೇಕು. ಮಾತ್ರೆಯನ್ನು ಊಟವಾದ ಮೇಲೆ ನೀರಿನಲ್ಲಿ ನುಂಗಲಿ, ಹಾಲು, ಟೀ ಜೊತೆ ಬೇಡ. ಮಲ ಕಪ್ಪಾಗುತ್ತದೆ, ಒಂದೆರಡು ದಿನ ಹೊಟ್ಟೆ ತೊಳಸಬಹುದು; ಇದಕ್ಕೆ ಹೆದರಿ ನಿಲ್ಲಿಸುವವರೇ ಹೆಚ್ಚು.

ಒಂದು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ. ಕನಿಷ್ಠ ಒಂದು ಗ್ರಾಂ ಏರಿರಬೇಕು. ನಿಯಮಿತವಾಗಿ ನುಂಗಿಯೂ ಏರದಿದ್ದರೆ ಆಗ ನಿಮ್ಮತ್ತೆಯವರ ಮಾತಿಗೆ ಬೆಲೆ ಬರುತ್ತದೆ. ತಲಸ್ಸೀಮಿಯಾದಂಥ ವಂಶದಿಂದ ಬರುವ ರಕ್ತದ ದೋಷಗಳಿವೆ, ಅವು ಕಬ್ಬಿಣಕ್ಕೆ ಬಗ್ಗುವುದಿಲ್ಲ. ಬರೀ ಸಸ್ಯಾಹಾರದವರಲ್ಲಿ ಬಿ12 ಜೀವಸತ್ವದ ಕೊರತೆಯೂ ಇರಬಹುದು. ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಯಲ್ಲಿ ರಕ್ತಪರೀಕ್ಷೆಗಳಿಂದ ಅದು ತಿಳಿಯುತ್ತದೆ.

ಟಾನಿಕ್ ಬಗ್ಗೆ ಕೇಳಿದ್ದಿರಿ. ಅಂಗಡಿಯಲ್ಲಿ ಬಾಟಲಿ ತಿರುಗಿಸಿ ಒಂದು ಚಮಚದಲ್ಲಿ ಎಷ್ಟು ಕಬ್ಬಿಣವಿದೆ ಎಂಬ ಸಾಲನ್ನು ಓದಿ, ಬೆಲೆಯನ್ನೂ ನೋಡಿ. ಆಮೇಲೆ ಆರೋಗ್ಯ ಕೇಂದ್ರದ ಪುಕ್ಕಟೆ ಮಾತ್ರೆಯ 60 ಮಿಲಿಗ್ರಾಂ ಜೊತೆ ಹೋಲಿಸಿ. ಮಗಳಿಗೆ ಮಾತ್ರೆ ನುಂಗಲು ನಿಜಕ್ಕೂ ಆಗದಿದ್ದರೆ ವೈದ್ಯರೇ ಸಿರಪ್ ಬರೆದುಕೊಡುತ್ತಾರೆ. ಉಳಿದ ದುಡ್ಡಿಗೆ ಹುರುಳಿಕಾಳು, ಸೀಬೆಹಣ್ಣು ತನ್ನಿ.